ಕೆಮ್ಮಿಗೆಂದು ಬಂದವರ ಕಾಲನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಒಂದೇ ವಾರ ಎರಡು ಲೇಖನಗಳು ಬಂದವು. ಒಂದು ಕೆಮ್ಮು, ಗಂಟಲು ನೋವು, ನ್ಯುಮೋನಿಯಾ ಕುರಿತದ್ದು. ಇನ್ನೊಂದು ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯ ಬಗ್ಗೆ. ಎರಡನ್ನೂ ಪೂರ್ತಿ ಓದಿದೆ, ತಪ್ಪು ಮಾಹಿತಿ ಎಲ್ಲೂ ಕಾಣಲಿಲ್ಲ. ಎರಡೂ ಮುಗಿದದ್ದು ಒಂದೇ ಮಾತಿನಿಂದ: ‘ನಿಮ್ಮ ಕುಟುಂಬ ವೈದ್ಯರನ್ನು ಕಾಣಿ.’ ಹಾಗೆ ಕಾಣಲು ಬಂದವರನ್ನು 28 ವರ್ಷಗಳಿಂದ ನೋಡುತ್ತಿರುವ ಸಾಮಾನ್ಯ ವೈದ್ಯೆ ನಾನು. ಆ ಕೆಲವೇ ನಿಮಿಷಗಳಲ್ಲಿ ನಮ್ಮ ಕೈಯಿಂದ ಏನು ತಪ್ಪಿಹೋಗುತ್ತದೆ ಎಂಬುದನ್ನು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಕ್ಷಮಿಸಿ. ಚಿಕ್ಕದಾಗಿ ಬರೆದರೆ ವಿಷಯ ಮತ್ತೆ ಎರಡು ತುಂಡಾಗುತ್ತದೆ.

ಪತ್ರಿಕೆಯಲ್ಲಿ ಎದೆಗೊಂದು ಲೇಖನ, ಕಾಲಿಗೊಂದು ಲೇಖನ ಇರಬಹುದು. ನನ್ನ ಕೋಣೆಗೆ ಬರುವವರು ಎರಡನ್ನೂ ಒಟ್ಟಿಗೇ ಹೊತ್ತು ತರುತ್ತಾರೆ. ನಲವತ್ತು ವರ್ಷ ಸಿಗರೇಟು ಸೇದಿದ ಮನುಷ್ಯನ ಶ್ವಾಸಕೋಶ ಕೆಟ್ಟಿದ್ದರೆ ಅವರ ಕಾಲಿನ ರಕ್ತನಾಳ ಮಾತ್ರ ಚೆನ್ನಾಗಿರುತ್ತದೆಂದು ನಂಬಲು ಕಾರಣವೇ ಇಲ್ಲ. ಆದರೆ ಅವರು ಬರುವುದು ಕೆಮ್ಮಿಗೆ. ಕೆಮ್ಮಿಗೆ ಬಂದವರ ಶರ್ಟಿನ ಗುಂಡಿ ಬಿಚ್ಚಿಸುತ್ತೇವೆ, ಕಾಲುಚೀಲ ಬಿಚ್ಚಿಸುವುದಿಲ್ಲ.

ನಾನೂ ಬಿಚ್ಚಿಸಿರಲಿಲ್ಲ.

ಅವರಿಗೆ ಆಗ 67 ವರ್ಷ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅಂಚೆ ನೌಕರರಾಗಿ ಜೀವನವಿಡೀ ನಡೆದ ಕಾಲುಗಳು. ನಿವೃತ್ತರಾದ ಮೇಲೆ ಚಳಿಗಾಲ ಬಂತೆಂದರೆ ಕೆಮ್ಮು, ಕಫ, ಎದೆಯಲ್ಲಿ ಸುಂಯ್ ಸುಂಯ್ ಎನ್ನುವ ಸದ್ದು. ಬರುತ್ತಿದ್ದರು, ಕೂರುತ್ತಿದ್ದರು, ನಾನು ಬೆನ್ನಿಗೆ ಸ್ಟೆತೊಸ್ಕೋಪ್ ಇಡುತ್ತಿದ್ದೆ. ಒಮ್ಮೆ ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, ‘ಡಾಕ್ಟ್ರಮ್ಮ, ಈಗೀಗ ಸ್ವಲ್ಪ ದೂರ ನಡೆದರೂ ನಿಲ್ಲಬೇಕಾಗುತ್ತೆ’ ಅಂದರು. ನಾನು ಚೀಟಿಯಲ್ಲಿ ‘ನಡೆದರೆ ಏದುಸಿರು’ ಎಂದು ಬರೆದೆ. ಅವರು ಏದುಸಿರು ಅಂದಿರಲಿಲ್ಲ. ನಿಲ್ಲಬೇಕಾಗುತ್ತದೆ ಅಂದಿದ್ದರು. ಯಾವುದರಿಂದ ಎಂದು ನಾನು ಕೇಳಲಿಲ್ಲ. ಉತ್ತರವನ್ನು ನಾನೇ ತುಂಬಿಬಿಟ್ಟೆ.

ಮುಂದಿನ ವರ್ಷ ಅವರು ಕಾಲ್ಬೆರಳಿನ ಗಾಯಕ್ಕೆಂದು ಬಂದರು. ಚಪ್ಪಲಿ ಉಜ್ಜಿ ಆದ ಗಾಯ, ಆರು ವಾರವಾದರೂ ಮಾಯದೆ ಅಂಚು ಕಪ್ಪಗಾಗಿತ್ತು. ರಾತ್ರಿ ಮಲಗಿದರೆ ಪಾದ ಸುಡುತ್ತದೆ, ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹಿತವೆನಿಸುತ್ತದೆ ಎಂದರು. ಪಾಠಪುಸ್ತಕದಲ್ಲಿ ಓದಿದ ಮಾತು ಯಥಾವತ್ತಾಗಿ ಅವರ ಬಾಯಿಂದ ಬರುತ್ತಿತ್ತು. ಎಡಪಾದದ ಮೇಲೆ ಬೆರಳಿಟ್ಟೆ. ನಾಡಿ ಇಲ್ಲ. ಒಳಗಣ್ಣಿನ, ಅಂದರೆ ಕಣಕಾಲಿನ ಒಳಮಗ್ಗುಲಿನ ಉಬ್ಬು ಮೂಳೆಯ ಹಿಂದೆ ಹುಡುಕಿದೆ. ಅಲ್ಲೂ ಇಲ್ಲ. ಅದೇ ದಿನ ರಕ್ತನಾಳದ ಶಸ್ತ್ರಚಿಕಿತ್ಸಕರ ಬಳಿ ಕಳಿಸಿದೆ. ಎಡಗಾಲಿನ ರಕ್ತದೊತ್ತಡ ತೋಳಿನದರ 0.38ರಷ್ಟು ಮಾತ್ರ ಎಂದು ಅವರ ವರದಿ ಬಂತು. ಬೈಪಾಸ್ ಮಾಡಿದರು, ಕಾಲು ಉಳಿಯಿತು, ಎರಡು ಬೆರಳು ಹೋದವು.

ಆ ರಾತ್ರಿ ಅವರ ಹಳೆಯ ಕಡತ ತೆಗೆದು ಕೂತೆ. ಮೂರು ವರ್ಷಗಳಲ್ಲಿ 11 ಬಾರಿ ನನ್ನ ಬಳಿ ಬಂದಿದ್ದರು. ಹನ್ನೊಂದರಲ್ಲಿ ಒಂದು ಸಲವೂ ಕಾಲಿನ ನಾಡಿಯ ಬಗ್ಗೆ ಒಂದಕ್ಷರವಿಲ್ಲ. ಇನ್ನೊಂದು ಸಂಗತಿ ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿತು. ಕೆಮ್ಮಿಗೆಂದೇ ಬಂದಿದ್ದ ಮನುಷ್ಯನ ಕಡತದಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಎಂಬ ಜಾಗವೂ ಹನ್ನೊಂದು ಸಲ ಖಾಲಿಯೇ ಇತ್ತು. ಅಂದರೆ ಕಾಲನ್ನು ಬಿಟ್ಟು ಎದೆಯನ್ನು ಚೆನ್ನಾಗಿ ನೋಡಿದ್ದೆ ಎಂದು ಸಮಾಧಾನ ಪಟ್ಟುಕೊಳ್ಳಲೂ ದಾರಿಯಿರಲಿಲ್ಲ. ಇದ್ದದ್ದು ಆಂಟಿಬಯೋಟಿಕ್‌ಗಳ ಹೆಸರು, ಐದು ಸಲ.

ಅಂದಿನಿಂದ ಒಂದು ಪ್ರಶ್ನೆಯನ್ನು ಬಿಟ್ಟೂಬಿಡದೆ ಕೇಳುತ್ತೇನೆ: ‘ನಡೆಯುವಾಗ ನಿಮ್ಮನ್ನು ಯಾವುದು ನಿಲ್ಲಿಸುತ್ತೆ? ಉಸಿರೋ, ಎದೆಯೋ, ಕಾಲೋ?’ ಕೇಳಿ ಸುಮ್ಮನಿರುತ್ತೇನೆ. ಉತ್ತರ ಬರಲು ಸ್ವಲ್ಪ ಹೊತ್ತು ಬೇಕು, ಯಾಕೆಂದರೆ ಬಹಳ ಜನ ಅದನ್ನು ಯೋಚಿಸಿಯೇ ಇರುವುದಿಲ್ಲ. ವಯಸ್ಸಾಯಿತು, ನಿಲ್ಲುತ್ತೇನೆ, ಅಷ್ಟೇ ಅಂದುಕೊಂಡಿರುತ್ತಾರೆ.

ಕಾಲು ಎಂದರೆ ಮುಂದಿನ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಎಲ್ಲಿ ಹಿಡಿದುಕೊಳ್ಳುತ್ತದೆ? ಮೀನಖಂಡದಲ್ಲಿ ಎಂದರೆ ತೊಡೆಯ ರಕ್ತನಾಳವನ್ನು ಶಂಕಿಸುತ್ತೇನೆ, ಪೃಷ್ಠ, ತೊಡೆಗಳಲ್ಲಿ ಎಂದರೆ ಅದಕ್ಕಿಂತ ಮೇಲಿನದನ್ನು. ಕೂತಾಗ ನೋವಿದೆಯೇ? ರಕ್ತ ಸಾಲದೆ ಬರುವ ನೋವು ಕೂತಲ್ಲಿ ಶುರುವಾಗುವುದಿಲ್ಲ. ನಡೆದಾಗ ಬರುತ್ತದೆ, ಏರು ಹತ್ತುವಾಗ ಬೇಗ ಬರುತ್ತದೆ, ಸುಮ್ಮನೆ ನಿಂತರೆ ಸಾಕು, ಹತ್ತು ನಿಮಿಷದೊಳಗೆ ಹೋಗುತ್ತದೆ. ಬೆನ್ನುಮೂಳೆಯ ನಾಳ ಕಿರಿದಾಗಿ ನರ ಒತ್ತಿದಾಗಲೂ ನಡೆದರೆ ಕಾಲು ನೋಯುತ್ತದೆ. ಆದರೆ ಅವರಿಗೆ ನಿಂತರೆ ಆರಾಮ ಸಿಗುವುದಿಲ್ಲ, ಕೂರಬೇಕು ಇಲ್ಲವೇ ಮುಂದಕ್ಕೆ ಬಗ್ಗಬೇಕು. ನಿಲ್ಲುವುದಕ್ಕೂ ಕೂರುವುದಕ್ಕೂ ಇರುವ ಈ ಒಂದು ವ್ಯತ್ಯಾಸ ಅನೇಕ ಸಲ ಸ್ಕ್ಯಾನ್‌ಗಿಂತ ಮೊದಲೇ ನನಗೆ ದಾರಿ ತೋರಿಸಿದೆ.

ಇಲ್ಲಿ ಒಂದು ಕಷ್ಟವಿದೆ. ಪಾಠಪುಸ್ತಕದ ಹಾಗೆ ನೋವು ಹೇಳುವವರು ಕಡಿಮೆ. 2001ರಲ್ಲಿ ಅಮೆರಿಕದ ಸಾಮಾನ್ಯ ವೈದ್ಯರ ಕ್ಲಿನಿಕ್‌ಗಳಲ್ಲೇ ನಡೆದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 70 ದಾಟಿದವರು, ಹಾಗೂ 50ರಿಂದ 69ರ ನಡುವಿನ ಧೂಮಪಾನಿಗಳು ಮತ್ತು ಸಕ್ಕರೆ ಕಾಯಿಲೆಯವರು, ಒಟ್ಟು ಸುಮಾರು 7,000 ಜನರ ಕಾಲಿನ ಒತ್ತಡ ಅಳೆದರು. ನೂರಕ್ಕೆ 29 ಜನರಲ್ಲಿ ಕಾಲಿನ ರಕ್ತನಾಳದ ಕಾಯಿಲೆ ಸಿಕ್ಕಿತು. ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ ಎಂಬ ಅಚ್ಚುಕಟ್ಟಾದ ಲಕ್ಷಣ ಹೇಳಿದವರು ಅವರಲ್ಲಿ ತೀರಾ ಕೆಲವರು. ಉಳಿದವರಿಗೆ ಲಕ್ಷಣವೇ ಇರಲಿಲ್ಲ, ಇಲ್ಲವೇ ಕಾಲು ಭಾರ, ಸುಸ್ತು, ಮಂಡಿನೋವು ಎಂಬಂಥ ಬೇರೆ ಮಾತುಗಳಿದ್ದವು.

ಶ್ವಾಸಕೋಶ ಕೆಟ್ಟವರಲ್ಲಿ ಇನ್ನೊಂದು ಪರದೆ ಬೀಳುತ್ತದೆ. ನನ್ನ ಅಂಚೆಯವರಿಂದ ನಾನು ಕಲಿತದ್ದು ಇದನ್ನು. ನೂರು ಹೆಜ್ಜೆಗೆ ಉಸಿರು ಕಟ್ಟಿ ನಿಲ್ಲುವ ಮನುಷ್ಯನಿಗೆ ಇನ್ನೂರನೆಯ ಹೆಜ್ಜೆಗೆ ಬರಬೇಕಿದ್ದ ಕಾಲುನೋವು ಬರುವುದೇ ಇಲ್ಲ. ಶ್ವಾಸಕೋಶ ಕಾಲಿನ ಕಾಯಿಲೆಯನ್ನು ಮುಚ್ಚಿಡುತ್ತದೆ. ಹಾಗೆಯೇ ಕಾಲುನೋವಿನಿಂದ ಬೇಗ ನಿಲ್ಲುವವರಲ್ಲಿ ಹೃದಯದ ರಕ್ತನಾಳದ ನೋವು ಮರೆಯಾಗಿರುತ್ತದೆ, ಹೃದಯಕ್ಕೆ ಕಷ್ಟಕೊಡುವಷ್ಟು ದೂರ ಅವರು ನಡೆಯುವುದೇ ಇಲ್ಲವಲ್ಲ. ಆದ್ದರಿಂದ ‘ನೋವಿಲ್ಲ’ ಎಂದು ಬರೆಯುವ ಮೊದಲು ‘ಎಷ್ಟು ದೂರ ನಡೆಯುತ್ತೀರಿ’ ಎಂದು ಕೇಳಬೇಕು. ಮನೆಯೊಳಗೇ ಓಡಾಡುವವರ ಕಾಲುನೋವಿಲ್ಲದಿರುವಿಕೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಬೆರಳಿಟ್ಟು ನೋಡುವುದೇ ಮೊದಲ ದಾರಿ. ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಎದ್ದು ಕಾಣುವ ಸ್ನಾಯುರಜ್ಜುವಿನ ಹೊರಮಗ್ಗುಲಲ್ಲಿ ಒಂದು ನಾಡಿ, ಒಳಗಣ್ಣಿನ ಹಿಂದೆ ಇನ್ನೊಂದು. ಆರೋಗ್ಯವಂತರಲ್ಲೂ ಕೆಲವರಿಗೆ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲ, ಹಾಗಾಗಿ ಎರಡನ್ನೂ ನೋಡಬೇಕು. ಕಿರಿಯ ವೈದ್ಯರಿಗೆ ಒಂದು ಮಾತು: ಅವಸರದಲ್ಲಿ ಬಲವಾಗಿ ಒತ್ತಿದರೆ ನಿಮ್ಮ ಬೆರಳತುದಿಯ ನಾಡಿಯೇ ನಿಮಗೆ ಸಿಗುತ್ತದೆ, ಅದನ್ನೇ ರೋಗಿಯದೆಂದು ಬರೆದುಬಿಡುತ್ತೀರಿ. ಅನುಮಾನವಾದರೆ ಇನ್ನೊಂದು ಕೈಯಿಂದ ರೋಗಿಯ ಮಣಿಕಟ್ಟು ಹಿಡಿಯಿರಿ. ಎರಡೂ ಒಟ್ಟಿಗೆ ಮಿಡಿದರೆ ಅದು ಅವರ ನಾಡಿ. ಪಾದ ತಣ್ಣಗಿದೆಯೇ, ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ, ಬೆರಳ ಸಂದಿಯಲ್ಲಿ ಗಾಯವಿದೆಯೇ, ಇವಿಷ್ಟೂ ಅದೇ ಒಂದು ನಿಮಿಷದಲ್ಲಿ ಮುಗಿಯುತ್ತವೆ.

ಬೆರಳು ಮಾತ್ರ ಸಾಲದು, ನಾಡಿ ಸಿಕ್ಕಿತೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಶಂಕೆ ಇದ್ದವರಿಗೆ ಕಣಕಾಲು ಮತ್ತು ತೋಳಿನ ಒತ್ತಡದ ಅನುಪಾತ ಅಳೆಯಬೇಕು. ಬೇಕಾಗುವುದು ಎಲ್ಲ ಕ್ಲಿನಿಕ್‌ಗಳಲ್ಲೂ ಇರುವ ಬಿ.ಪಿ. ಪಟ್ಟಿ, ಜೊತೆಗೆ ರಕ್ತ ಹರಿಯುವ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಡಾಪ್ಲರ್ ಯಂತ್ರ. ರೋಗಿ ಐದರಿಂದ ಹತ್ತು ನಿಮಿಷ ಅಂಗಾತ ಮಲಗಿರಬೇಕು. ಎರಡೂ ತೋಳುಗಳಲ್ಲಿ ಬಿ.ಪಿ.ಯ ಮೇಲಿನ ಅಂಕಿ ಅಳೆದು ಹೆಚ್ಚಿರುವುದನ್ನು ಇಟ್ಟುಕೊಳ್ಳುತ್ತೇವೆ. ಪ್ರತಿ ಕಾಲಿನಲ್ಲೂ ಆ ಎರಡು ನಾಡಿಗಳ ಒತ್ತಡ ಅಳೆದು ಹೆಚ್ಚಿರುವುದನ್ನು ತೆಗೆದುಕೊಂಡು ತೋಳಿನ ಒತ್ತಡದಿಂದ ಭಾಗಿಸುತ್ತೇವೆ. ತೋಳಿನಲ್ಲಿ 140, ಬಲಗಾಲಿನಲ್ಲಿ 147, ಎಡಗಾಲಿನಲ್ಲಿ 84 ಇದ್ದರೆ ಬಲಕ್ಕೆ 1.05, ಎಡಕ್ಕೆ 0.60. 1ರಿಂದ 1.4ರವರೆಗೆ ಸಹಜ. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರಕ್ತನಾಳ ಕಿರಿದಾಗಿದೆ. 0.40ರ ಕೆಳಗೆ ಹೋದರೆ ಕಾಲಿಗೇ ಅಪಾಯ.

ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಮೂತ್ರಪಿಂಡ ಸೋತವರಲ್ಲಿ ಈ ಲೆಕ್ಕ ಮೋಸ ಮಾಡುತ್ತದೆ. ಅವರ ರಕ್ತನಾಳದ ಗೋಡೆಯಲ್ಲಿ ಸುಣ್ಣದಂಶ ಕೂತು ಅದು ಕೊಳವೆಯಂತೆ ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಅಮುಕಿಕೊಳ್ಳುವುದಿಲ್ಲ, ಅನುಪಾತ 1.4 ದಾಟಿಬಿಡುತ್ತದೆ. ಕೆಲವೊಮ್ಮೆ ಸಹಜದ ಹಾಗೆಯೇ ಕಾಣುತ್ತದೆ. ಅಂಥವರಲ್ಲಿ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಅದಕ್ಕೆ ಬೇರೆ ಪುಟ್ಟ ಪಟ್ಟಿ ಬೇಕು. ಸಕ್ಕರೆ ಕಾಯಿಲೆಯವರ ಪಾದದ ಗಾಯ ನೋಡಿ, ‘ಅನುಪಾತ 1.1 ಇದೆ, ರಕ್ತ ಚೆನ್ನಾಗಿ ಹರಿಯುತ್ತಿದೆ’ ಎಂದು ಬರೆದ ಚೀಟಿ ಹಿಡಿದು ಬಂದವರನ್ನು ನಾನು ಕಂಡಿದ್ದೇನೆ. ಗಾಯ ಮಾಯದಿದ್ದರೆ ಸಂಖ್ಯೆಯನ್ನು ನಂಬಬಾರದು, ಗಾಯವನ್ನು ನಂಬಬೇಕು.

ಎಲ್ಲರಿಗೂ ಈ ಪರೀಕ್ಷೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಯಾವ ಲಕ್ಷಣವೂ ಇಲ್ಲದವರನ್ನೆಲ್ಲ ಅಳೆಯುವುದರಿಂದ ಲಾಭವೆಷ್ಟು ಎಂದು ತೀರ್ಮಾನಿಸಲು ಪುರಾವೆ ಸಾಲದು ಎಂದು ಅಮೆರಿಕದ ರೋಗತಡೆ ತಜ್ಞರ ಕಾರ್ಯಪಡೆ 2018ರಲ್ಲಿ ಹೇಳಿತು, ಅದನ್ನು ಗೌರವಿಸುತ್ತೇನೆ. ನನ್ನ ಮಾತು ನಮ್ಮೆದುರಿಗೇ ಕೂತು ಕೆಮ್ಮುತ್ತಿರುವ, ವರ್ಷಗಟ್ಟಲೆ ಸೇದಿದ, ‘ನಿಲ್ಲಬೇಕಾಗುತ್ತದೆ’ ಎಂದು ತಾವಾಗಿಯೇ ಹೇಳುತ್ತಿರುವ ಜನರ ಬಗ್ಗೆ. ಕಾಯಿಲೆ ಗೊತ್ತಾದರೆ ಮಾಡಲು ಬೇಕಾದಷ್ಟಿದೆ: ತಂಬಾಕು ಬಿಡಿಸುವುದು, ಕೊಬ್ಬಿಗೆ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ಬಿ.ಪಿ. ಮತ್ತು ಸಕ್ಕರೆಯ ಹತೋಟಿ. ವಾರಕ್ಕೆ ಮೂರು ದಿನವಾದರೂ, ಕನಿಷ್ಠ ಮೂರು ತಿಂಗಳು, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸದಿಂದ ನಡೆಯುವ ದೂರ ನಿಜವಾಗಿಯೂ ಹೆಚ್ಚುತ್ತದೆ. ಕಾಲಿನ ರಕ್ತನಾಳ ಕಟ್ಟಿದವರಲ್ಲಿ ಹೃದಯ, ಮಿದುಳಿನ ರಕ್ತನಾಳಗಳೂ ಸಾಮಾನ್ಯವಾಗಿ ಕೆಟ್ಟಿರುತ್ತವೆ. ಕಾಲು ಉಳಿಸುವ ಔಷಧಿಗಳು ಅವರ ಜೀವವನ್ನೂ ಕಾಯುತ್ತವೆ.

ಇನ್ನು ಉಸಿರಿನ ಮಾತು. ಇದಕ್ಕೆ ಯಂತ್ರವೇ ಬೇಡ, ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಆದರೆ ‘ನಿಮ್ಮ ಉಸಿರು ಎಣಿಸುತ್ತೇನೆ’ ಎಂದೊಡನೆ ಯಾರದೇ ಉಸಿರಾದರೂ ಬದಲಾಗುತ್ತದೆ. ನಾನು ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದು ಎದೆಯ ಏರಿಳಿತ ನೋಡುತ್ತಾ ಪೂರ್ತಿ 60 ಸೆಕೆಂಡು ಎಣಿಸುತ್ತೇನೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ವಯಸ್ಕರಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, ಹೊಸದಾಗಿ ಮಾತು ಗೊಂದಲವಾದರೆ, ಬಿ.ಪಿ. ಮೇಲಿನದು 90ಕ್ಕಿಂತ ಕಡಿಮೆ ಅಥವಾ ಕೆಳಗಿನದು 60 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ವಯಸ್ಸು 65 ಮುಟ್ಟಿದ್ದರೆ, ಒಂದೊಂದಕ್ಕೂ ಒಂದೊಂದು ಅಂಕ. ನ್ಯುಮೋನಿಯಾ ಎಂದು ತೋರಿದವರನ್ನು ಮನೆಗೆ ಕಳಿಸಬಹುದೇ, ಆಸ್ಪತ್ರೆಗೆ ಸೇರಿಸಬೇಕೇ ಎಂದು ತೂಗಲು ರಕ್ತಪರೀಕ್ಷೆಯಿಲ್ಲದ ಈ ಅಂಕಪಟ್ಟಿ ಸಾಮಾನ್ಯ ವೈದ್ಯರಿಗೆಂದೇ ಇರುವುದು. ನಾಲ್ಕರಲ್ಲಿ ಒಂದು ಉಸಿರಿನ ಲೆಕ್ಕ, ಅದನ್ನೇ ಬರೆಯದಿದ್ದರೆ ಅಂಕ ಕೊಡುವುದು ಹೇಗೆ? ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಬೇರೆ ಮಿತಿ ಇಟ್ಟಿದೆ: ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಪಕ್ಕೆಯ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಬಹುಪಾಲು ಕೆಮ್ಮು ನ್ಯುಮೋನಿಯಾ ಅಲ್ಲ, ವೈರಸ್‌ನಿಂದ ಶ್ವಾಸನಾಳ ಊದಿಕೊಂಡದ್ದು. ಅದು ಎಷ್ಟು ದಿನ ಇರುತ್ತದೆ ಎಂದು ನಾವು ರೋಗಿಗಳಿಗೆ ಸರಿಯಾಗಿ ಹೇಳುವುದಿಲ್ಲ. ಒಂದು ವಾರಕ್ಕೆ ಹೋಗುತ್ತದೆ ಎಂದು ಜನ ನಂಬಿರುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲೆಕ್ಕ ಹಾಕಿದಾಗ ಸರಾಸರಿ ಸುಮಾರು 18 ದಿನ ಎಂದು ಗೊತ್ತಾಯಿತು. ಎಂಟನೆಯ ದಿನ ಕೆಮ್ಮು ಇನ್ನೂ ಇದೆಯೆಂದು ಬಂದವರಿಗೆ ಆಂಟಿಬಯೋಟಿಕ್ ಬರೆದರೆ, ಹದಿನೆಂಟನೆಯ ದಿನ ಕೆಮ್ಮು ತಾನಾಗಿಯೇ ಹೋದಾಗ ಹೆಸರು ಮಾತ್ರೆಗೆ ಬರುತ್ತದೆ, ಮುಂದಿನ ಸಲ ಅವರು ಆ ಮಾತ್ರೆಯನ್ನೇ ಕೇಳುತ್ತಾರೆ. ಹಸಿರು ಕಫ ಬಂತು ಎಂಬುದೂ ಸಾಕ್ಷಿಯಲ್ಲ. ಆ ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳ ಒಂದು ಕಿಣ್ವದಿಂದ, ವೈರಸ್ ಸೋಂಕಿನಲ್ಲೂ ಬರುತ್ತದೆ. ಯುರೋಪಿನ 12 ದೇಶಗಳಲ್ಲಿ, ನ್ಯುಮೋನಿಯಾದ ಶಂಕೆಯಿಲ್ಲದ 2,061 ಕೆಮ್ಮಿನ ರೋಗಿಗಳಲ್ಲಿ ಕೆಲವರಿಗೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್, ಕೆಲವರಿಗೆ ಅದರಂತೆಯೇ ಕಾಣುವ ಔಷಧಿಯಿಲ್ಲದ ಮಾತ್ರೆ ಕೊಟ್ಟು ನೋಡಿದರು. ಕೆಮ್ಮು ಹೋಗುವ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, 60 ದಾಟಿದವರಲ್ಲೂ ಕಾಣಲಿಲ್ಲ. ಓಕರಿಕೆ, ಭೇದಿ, ಮೈಮೇಲೆ ದದ್ದು ಮಾತ್ರ ಅಮಾಕ್ಸಿಸಿಲಿನ್ ತೆಗೆದುಕೊಂಡವರಲ್ಲಿ ಹೆಚ್ಚಿದ್ದವು.

ಅನುಮಾನ ಉಳಿದಾಗ ಬೆರಳತುದಿಯ ರಕ್ತದಲ್ಲಿ ಸಿ.ಆರ್.ಪಿ., ಅಂದರೆ ಉರಿಯೂತವಿದ್ದಾಗ ಏರುವ ಒಂದು ಪ್ರೋಟೀನ್, ನೋಡುವ ಯಂತ್ರ ನನಗೆ ನೆರವಾಗಿದೆ. ಬ್ರಿಟನ್ನಿನ ಮಾರ್ಗಸೂಚಿಯಂತೆ 20ಕ್ಕಿಂತ ಕಡಿಮೆ ಇದ್ದರೆ ಆಂಟಿಬಯೋಟಿಕ್ ಬೇಡ, 100 ದಾಟಿದರೆ ಬೇಕು, ನಡುವೆ ಇದ್ದರೆ ಚೀಟಿ ಬರೆದುಕೊಟ್ಟು ‘ಹೆಚ್ಚಾದರೆ ಮಾತ್ರ ತೆಗೆದುಕೊಳ್ಳಿ’ ಎಂದು ಹೇಳಬಹುದು. ಯಂತ್ರವಿಲ್ಲದವರು ಎರಡು ದಿನ ಬಿಟ್ಟು ಮತ್ತೆ ಬರಹೇಳಿದರೂ ಆದೀತು.

ಎಲ್ಲ ಕೆಮ್ಮೂ ತಾನಾಗಿಯೇ ಹೋಗುತ್ತದೆಂದು ಇದರ ಅರ್ಥವಲ್ಲ. ಎರಡು ವಾರ ದಾಟಿದ ಕೆಮ್ಮಿನ ಜೊತೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಕಫದಲ್ಲಿ ಕ್ಷಯ ಹುಡುಕಲೇಬೇಕು. ಸೇದುವವರ ಕಫದಲ್ಲಿ ರಕ್ತ ಕಂಡರೆ, ವರ್ಷಗಳ ಹಳೆಯ ಕೆಮ್ಮಿನ ರೀತಿಯೇ ಬದಲಾದರೆ ಎದೆಯ ಎಕ್ಸ್‌ರೇ ಬೇಕು. ಮಲಗಿದರೆ ಹೆಚ್ಚಾಗುವ ಕೆಮ್ಮು, ಊದಿದ ಕಾಲು, ಎರಡು ದಿಂಬಿಲ್ಲದೆ ನಿದ್ದೆ ಇಲ್ಲ ಎನ್ನುವವರ ಎದೆಯ ಗೊರಗೊರ ಸೋಂಕಿನದಲ್ಲದೆ ಸೋತ ಹೃದಯದ್ದಾಗಿರಬಹುದು. ಅವರಿಗೆ ಮೂರನೆಯ ಸಲ ಆಂಟಿಬಯೋಟಿಕ್ ಬರೆಯುವ ಮೊದಲು ಕಾಲುಚೀಲದ ಎಲಾಸ್ಟಿಕ್ ಬಿಟ್ಟ ಗುರುತು ನೋಡಿದರೂ ಯೋಚನೆ ಬೇರೆ ದಾರಿ ಹಿಡಿಯುತ್ತದೆ.

ಈಗ ಎದೆ ಮತ್ತು ಕಾಲು ಒಂದೇ ಚೀಟಿಯಲ್ಲಿ ಸೇರುವ ಜಾಗಕ್ಕೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಮುಖ್ಯವಾಗಿ ಪತ್ರ ಶುರುಮಾಡಿದ್ದು.

ಬ್ರಿಟನ್ನಿನ ಸಾಮಾನ್ಯ ವೈದ್ಯರ ದಾಖಲೆಗಳನ್ನೇ ಜಾಲಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಶ್ವಾಸಕೋಶದ ಸೋಂಕು ಪತ್ತೆಯಾದ ಮೊದಲ ಮೂರು ದಿನಗಳಲ್ಲಿ ಹೃದಯಾಘಾತದ ಅಪಾಯ ಬೇರೆ ದಿನಗಳ ಸುಮಾರು ಐದರಷ್ಟು, ಪಾರ್ಶ್ವವಾಯುವಿನದು ಸುಮಾರು ಮೂರರಷ್ಟು. 2018ರಲ್ಲಿ ಕೆನಡಾದ ಒಂಟಾರಿಯೊದಿಂದ ಬಂದ ಅಧ್ಯಯನದಲ್ಲಿ, ಪ್ರಯೋಗಾಲಯದಲ್ಲಿ ಫ್ಲೂ ಖಚಿತವಾದ ಮೊದಲ ಏಳು ದಿನ ಹೃದಯಾಘಾತದ ಅಪಾಯ ಆರು ಪಟ್ಟು. ಸೋಂಕಿನ ಉರಿಯೂತಕ್ಕೆ ರಕ್ತನಾಳದೊಳಗಿನ ಕೊಬ್ಬಿನ ಗಡ್ಡೆ ಬಿರಿಯಬಹುದು, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೃದಯ ವೇಗವಾಗಿ ಬಡಿಯುವಾಗಲೇ ಆಮ್ಲಜನಕ ಕಡಿಮೆ ಇರುತ್ತದೆ. ಹಾಗಾಗಿ ರಕ್ತನಾಳದ ಕಾಯಿಲೆ ಇರುವವರಿಗೆ ಫ್ಲೂ ಲಸಿಕೆ ಹೃದಯದ ಔಷಧಿಯೂ ಹೌದು ಎಂದು ನಾನು ಹೇಳುತ್ತೇನೆ. ಕೆಮ್ಮು ಜ್ವರದ ಮೂರನೆಯ ದಿನ ‘ಎದೆ ಬಿಗಿಯುತ್ತಿದೆ’ ಎಂದು ಫೋನ್ ಮಾಡಿದವರಿಗೆ, ಕಫ ಕಟ್ಟಿರಬೇಕು ಎಂದು ಉತ್ತರಿಸುವುದನ್ನೂ ಬಿಟ್ಟಿದ್ದೇನೆ. ಇಸಿಜಿ ಮಾಡಿಸಿ ಎನ್ನುತ್ತೇನೆ.

ಔಷಧಿಗಳ ವಿಷಯವೂ ಹೀಗೆಯೇ. ಎದೆಯ ಸೋಂಕಿಗೆ ಬರೆಯುವ ಕ್ಲಾರಿಥ್ರೊಮೈಸಿನ್, ರಕ್ತನಾಳಕ್ಕೆಂದು ತೆಗೆದುಕೊಳ್ಳುವ ಸಿಮ್ವಾಸ್ಟ್ಯಾಟಿನ್ ಜೊತೆ ಸೇರಿದರೆ ಸ್ಟ್ಯಾಟಿನ್ ರಕ್ತದಲ್ಲಿ ಏರಿ ಸ್ನಾಯುಗಳೇ ಕರಗುವ ಅಪಾಯವಿದೆ. ಅವೆರಡನ್ನು ಒಟ್ಟಿಗೆ ಕೊಡಬಾರದು. ಕಾಲುನೋವಿಗೆ ಸಿಲೊಸ್ಟಜಾಲ್ ತೆಗೆದುಕೊಳ್ಳುವವರಿಗೆ ಎರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದರೆ ಸಿಲೊಸ್ಟಜಾಲ್ ಪ್ರಮಾಣ ಇಳಿಸಬೇಕು. ಲಿವೊಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯೋಟಿಕ್‌ಗಳಿಂದ ಹೃದಯದಿಂದ ಹೊರಡುವ ಮಹಾಪಧಮನಿ ಸೀಳುವ, ಒಡೆಯುವ ಅಪಾಯ ಹೆಚ್ಚುತ್ತದೆ, ಆ ಪಧಮನಿ ಉಬ್ಬಿಕೊಂಡಿರುವವರಿಗೆ, ರಕ್ತನಾಳ ಕಟ್ಟಿದವರಿಗೆ, ಬೇರೆ ದಾರಿಯಿದ್ದರೆ ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಕರು 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿದರು. ಆದರೆ ರಕ್ತನಾಳ ಕಟ್ಟಿದೆಯೆಂದು ಗೊತ್ತಿದ್ದರೆ ತಾನೇ ಆ ಎಚ್ಚರಿಕೆ ಕೆಲಸಕ್ಕೆ ಬರುವುದು! ನನ್ನ ಅಂಚೆಯವರಿಗೆ ನಾನು ಬರೆದ ಐದು ಚೀಟಿಗಳಲ್ಲಿ ಎರಡು ಲಿವೊಫ್ಲಾಕ್ಸಾಸಿನ್‌ನದೇ. ಏನೂ ಆಗಲಿಲ್ಲ. ಆಗಬಹುದಿತ್ತು ಎಂಬುದು ಈಗಲೂ ನೆನಪಾಗುತ್ತದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಗ್ಗೆಯೂ ಒಂದು ಮಾತು. ಅದು ಓದುವುದು ಬೆರಳಿನಲ್ಲಿ ಮಿಡಿಯುವ ರಕ್ತವನ್ನು. ಬೆರಳು ತಣ್ಣಗಿದ್ದು ರಕ್ತ ಸರಿಯಾಗಿ ಮಿಡಿಯದಿದ್ದರೆ ಅದು ತೋರಿಸುವ ಸಂಖ್ಯೆಗೆ ಅರ್ಥವಿಲ್ಲ. ಒಮ್ಮೆ 84 ಎಂದು ತೋರಿಸಿತು, ಕೈ ಬೆಚ್ಚಗೆ ಮಾಡಿ ಬೇರೆ ಬೆರಳಿಗೆ ಹಾಕಿದಾಗ 95. ಕಪ್ಪು ಮೈಬಣ್ಣದವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುವ ದೋಷವೂ ಆ ಯಂತ್ರಕ್ಕಿದೆ. ಸಂಖ್ಯೆ ಚೆನ್ನಾಗಿದ್ದು ಉಸಿರು 32 ಇದ್ದರೆ ನಾನು ಉಸಿರನ್ನೇ ನಂಬುತ್ತೇನೆ.

ಇದನ್ನೋದುವ ಸಹೋದ್ಯೋಗಿಗಳು ಸಮಯ ಎಲ್ಲಿದೆ ಎಂದು ಕೇಳಬಹುದು. ಹೊರಗೆ ನಲವತ್ತು ಜನ ಕೂತಿರುವಾಗ ಪ್ರತಿಯೊಬ್ಬರನ್ನೂ ಹತ್ತು ನಿಮಿಷ ಮಲಗಿಸಿ ಡಾಪ್ಲರ್ ಹಿಡಿಯಲು ನನ್ನಿಂದಲೂ ಆಗುವುದಿಲ್ಲ. ಉಸಿರಿಗೆ ಒಂದು ನಿಮಿಷ, ಪಾದಕ್ಕೆ ಒಂದು ನಿಮಿಷ, ಇಷ್ಟನ್ನು ನಾನೇ ಮಾಡುತ್ತೇನೆ. ಅನುಪಾತ ಅಳೆಯಲು ನಮ್ಮ ನರ್ಸ್‌ಗೆ ಕಲಿಸಿದೆ, ಈಗ ಆಕೆ ನನಗಿಂತ ಚೆನ್ನಾಗಿ ಅಳೆಯುತ್ತಾಳೆ, ವಾರದಲ್ಲಿ ಎರಡು ಬೆಳಿಗ್ಗೆ ಅದಕ್ಕೇ ಮೀಸಲು.

ರೋಗಿಗಳಲ್ಲಿ ನನ್ನ ಕೋರಿಕೆ: ಬಾಗಿಲ ಬಳಿ ಹೇಳುವ ಮಾತನ್ನು ಕುರ್ಚಿಯಲ್ಲಿ ಕೂತಾಗಲೇ ಹೇಳಿ. ಕೆಮ್ಮಿಗೆ ಬಂದಿದ್ದೇನೆ, ಕಾಲಿನ ಮಾತು ಯಾಕೆ ಎಂದು ಸಂಕೋಚಪಡಬೇಡಿ. ಬಳಸುತ್ತಿರುವ ಎಲ್ಲ ಮಾತ್ರೆಗಳನ್ನೂ ತನ್ನಿ. ವೈದ್ಯರು ಕಾಲು ನೋಡದಿದ್ದರೆ ನೀವೇ ಕಾಲುಚೀಲ ತೆಗೆದು ತೋರಿಸಿ. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾಗದ ನೋವು ಬಂದು ಜೋಮು ಹಿಡಿದರೆ ನಮ್ಮಂಥ ಕ್ಲಿನಿಕ್ ತೆರೆಯುವವರೆಗೂ ಕಾಯಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳು. ಆರು ಗಂಟೆ ಕಳೆದರೆ ಕಾಲು ಉಳಿಸುವುದು ಬಹಳ ಕಷ್ಟ.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಕೋರಿಕೆಯಿದೆ. ಮುಂದಿನ ಸಲ ಕೆಮ್ಮಿನ ಬಗ್ಗೆ ಪುಟ ಮಾಡುವಾಗ ಶ್ವಾಸಕೋಶದ ಚಿತ್ರದ ಪಕ್ಕದಲ್ಲಿ ಒಂದು ಪಾದದ ಚಿತ್ರವನ್ನೂ ಹಾಕಿ, ಆ ಎರಡು ನಾಡಿಗಳ ಜಾಗ ಗುರುತು ಮಾಡಿ.

ಮೊನ್ನೆ ಒಬ್ಬ ತಾಯಿ ಬಂದಿದ್ದರು, 71 ವರ್ಷ, ಒಂಬತ್ತು ದಿನದ ಕೆಮ್ಮು. ಉಸಿರು 22, ಜ್ವರವಿಲ್ಲ, ಸಿ.ಆರ್.ಪಿ. 14. ಆಂಟಿಬಯೋಟಿಕ್ ಬರೆಯಲಿಲ್ಲ, ಇನ್ನೂ ಹತ್ತು ದಿನ ಕೆಮ್ಮು ಇರಬಹುದೆಂದು ಹೇಳಿದೆ. ಆಮೇಲೆ ಚಪ್ಪಲಿ ಬಿಡಿಸಿ ಪಾದ ಹಿಡಿದೆ. ‘ಕೆಮ್ಮಿಗೂ ಕಾಲಿಗೂ ಏನಮ್ಮ ಸಂಬಂಧ?’ ಅಂದರು. ಎಡಗಾಲಿನಲ್ಲಿ ಎರಡು ನಾಡಿಯೂ ಸಿಗಲಿಲ್ಲ. ಅನುಪಾತ ಅಳೆಯೋಣವೆಂದರೆ ಅಂಗಾತ ಮಲಗಿದ ಕೂಡಲೇ ಕೆಮ್ಮು ಒತ್ತರಿಸಿ ಬಂತು, ಎರಡು ನಿಮಿಷವೂ ಮಲಗಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಬರಹೇಳಿದ್ದೇನೆ.

ಇತಿ,
ಒಬ್ಬ ಕುಟುಂಬ ವೈದ್ಯೆ